ಒಂದು ಹಲಗೆ, ಒಂದು ದಾರ, ವರ್ಗ ಸಮೀಕರಣ

ವರ್ಗ ಸಮೀಕರಣವನ್ನು ನಾನು ಗ್ರಾಫ್‌ನಲ್ಲಿ ಕಲಿಸುತ್ತೇನೆ. ಸೂತ್ರ ಹಾಕಿದರೆ ಎರಡು ನಿಮಿಷದಲ್ಲಿ ಮೂಲ, ಅಂದ್ರೆ ಎಕ್ಸ್‌ನ ಬೆಲೆ ಸಿಗುತ್ತೆ, ಗ್ರಾಫ್ ಯಾಕೆ ಅಂತ ಅಂಕೋಲೆಯಲ್ಲಿ ನನ್ನಂತೆ ಟ್ಯೂಷನ್ ನಡೆಸುವವರೆಲ್ಲ ನಕ್ಕಿದ್ದರು. ಅವರಲ್ಲೇ ಇಬ್ಬರು ಈಗ ನನ್ನ ಹಲಗೆ ಒಯ್ದು ವಾಪಸ್ ಕೊಟ್ಟಿಲ್ಲ.

ಮೊದಲು ಪ್ರತಿ ಸಮೀಕರಣಕ್ಕೂ ಹೊಸ ಪರವಲಯ, ಅಂದ್ರೆ ಬಟ್ಟಲಿನಂಥ ವಕ್ರ, ಬರೆಸುತ್ತಿದ್ದೆ. ಗ್ರಾಫ್ ಹಾಳೆಗೇ ಸಾವಿರ ರೂಪಾಯಿ ಹತ್ತಿರ ಹೋಯಿತು. ಮಳೆಗಾಲದಲ್ಲಿ ಹಾಳೆ ಥಂಡಿ ಹಿಡಿದು ಪೆನ್ಸಿಲ್ ತಾಗಿದರೆ ಹರಿಯುತ್ತಿತ್ತು. ಆಮೇಲೆ ಚೌಕಳಿಯ ಫ್ಲೆಕ್ಸ್ ಮಾಡಿಸಿದೆ, ಸುಮಾರು ಆರುನೂರು. ಮಾರ್ಕರ್ ಗುರುತು ಅಳಿಸಲೇ ಇಲ್ಲ. ಹಳೇ ಮೀನಿನ ಬಲೆಯನ್ನು ಗೋಡೆಗೆ ಕಟ್ಟಿಯೂ ನೋಡಿದೆ. ಎಳೆದ ಕಡೆಗೆ ಕಣ್ಣು ಸೊಟ್ಟ, ಚೌಕ ನಿಲ್ಲಲಿಲ್ಲ.

ಕೊನೆಗೆ ಪರವಲಯವನ್ನು ಒಂದೇ ಸಲ ಬರೆದು ಬಿಟ್ಟೆ. ಎಕ್ಸ್² − 2ಎಕ್ಸ್ − 3 = 0 ಅನ್ನು ಎಕ್ಸ್² = 2ಎಕ್ಸ್ + 3 ಮಾಡಿಕೊಂಡರೆ ಎಡಕ್ಕೆ ಯಾವಾಗಲೂ ಅದೇ ಪರವಲಯ, ಬಲಕ್ಕೆ ಬರೀ ಸರಳರೇಖೆ. ಆ ರೇಖೆಗೆ ಬಲೆ ಹೆಣೆಯುವ ಕೆಂಪು ದಾರ ಸಾಕು. ಗಾಳದ ದಾರ ಬೇಡ, ಹಿಂದಿನ ಬೆಂಚಿಗೆ ಕಾಣಲ್ಲ.

ಬಡಿಗೇರರ ಹತ್ತಿರ ಇನ್ನೂರಕ್ಕೆ ಸಿಕ್ಕ ಪ್ಲೈವುಡ್ ತುಂಡು, ನಾಲ್ಕಡಿಗೆ ಮೂರಡಿ. ಅಡ್ಡಕ್ಕೆ ಒಂದು ಮನೆ 10 ಸೆಂಟಿಮೀಟರ್, ಮೇಲಕ್ಕೆ 3. ಎರಡಕ್ಕೂ ಒಂದೇ ಅಳತೆ ಇಟ್ಟರೆ ಪರವಲಯ ಹಲಗೆ ಬಿಟ್ಟು ಮೇಲೆ ಹೋಗುತ್ತೆ.

ನಡುವಿನ ಅಕ್ಷದಲ್ಲಿ 3ಕ್ಕೆ ಒಂದು ಮೊಳೆ, ಎಕ್ಸ್ = 5ರ ಗೆರೆಯಲ್ಲಿ 13ಕ್ಕೆ ಇನ್ನೊಂದು. ದಾರ ಬಿಗಿದು ಎಡಕ್ಕೂ ಚಾಚಿದರೆ −1 ಮತ್ತು 3ರಲ್ಲಿ ಪರವಲಯವನ್ನು ಕಡಿಯುತ್ತದೆ, ಅವೇ ಮೂಲಗಳು. ಎರಡೂ ಕಡೆ ನಾಲ್ಕು ಮನೆ ಇಳಿಸಿ, 1ರಲ್ಲಿ ಸುಮ್ನೆ ಸವರುತ್ತದೆ. ಇನ್ನೆರಡು ಮನೆ ಇಳಿಸಿದರೆ ಮುಟ್ಟುವುದೇ ಇಲ್ಲ. ಮೂಲ ಎರಡೋ, ಒಂದೋ, ಇಲ್ಲವೋ ಅಂತ ಹೇಳುವ ಶೋಧಕದ ಮೂರೂ ಸಂದರ್ಭ ದಾರ ಇಳಿಸುವಷ್ಟರಲ್ಲಿ ಮುಗೀತು ಅಲ್ವಾ? ನನ್ನ ಮಕ್ಕಳು ಈಗ ಲೆಕ್ಕ ಮಾಡದೇ ಮೂಲ ಎಷ್ಟು ಅಂತ ಹೇಳುತ್ತಾರೆ. ಎಕ್ಸ್² = ಎಕ್ಸ್ + 3ಕ್ಕೆ ಒಂದು ಮೂಲ 2.3 ಅಂತ ಕಣ್ಣಲ್ಲೇ ಓದುತ್ತಾರೆ.

ಸವರುವಾಗ ದಾರ ಎಲ್ಲಿ ತಾಗಿತು ಅಂತ ಗೊಂದಲ ಆಗುತ್ತೆ, 0.8ರಿಂದ 1.2ರವರೆಗೂ ತಾಗಿದ ಹಾಗೆ ಕಾಣುತ್ತೆ. ಅದಕ್ಕೊಂದು ಉಪಾಯ ಇದೆ. ಅದು ಮಾತ್ರ ನನ್ನ ಕ್ಲಾಸಿಗೆ ಬಂದವರಿಗೆ!

ಸಿಲಬಸ್ಸಿನಲ್ಲಿ ಇಲ್ಲದಿದ್ದರೂ ಅದೇ ಹಲಗೆ ಮೇಲೆ 2ರ ಘಾತ ಎಕ್ಸ್‌ನ (2ˣ) ವಕ್ರವನ್ನೂ ಬರೆದೆ. ಎಕ್ಸ್² ಜೊತೆ ಅದು 2 ಮತ್ತು 4ರಲ್ಲಿ ಸೇರುವುದನ್ನು ಎಲ್ಲರೂ ಬೆಲೆ ಹಾಕಿಯೇ ಕಂಡುಹಿಡಿದರು. ಎಡಕ್ಕೆ −0.77ರ ಹತ್ತಿರ ಮೂರನೆಯದು ಅಡಗಿದೆ. ಗ್ರಾಫ್ ಇಲ್ಲದಿದ್ದರೆ ಅದನ್ನು ಹುಡುಕಬೇಕು ಅಂತಲೇ ಹೊಳೆಯಲ್ಲ.

3ಎಕ್ಸ್² ಬಂದರೆ ಮೊದಲು 3ರಿಂದ ಭಾಗಿಸಿ. ಮೂಲ 5 ದಾಟಿದರೆ ಈ ಹಲಗೆ ಸಾಲದು, ಆಗ ಸೂತ್ರವೇ ಗತಿ.