ಟೇಪ್ ಹಿಡಿದು ಯಾರು ನೋಡ್ತಾರೆ ಸಾರ್?

ಬೆಂಗಳೂರಿನಲ್ಲಿ ನಮ್ಮದೊಂದು 30×40 ಸೈಟು. 2024ರ ಫೆಬ್ರವರಿಯಲ್ಲಿ ನಕ್ಷೆ ಮಂಜೂರಾಯಿತು. ಗ್ರೌಂಡ್ ಮತ್ತು ಮೇಲೆ ಎರಡು ಮಹಡಿ, ಒಟ್ಟು 20 ಚದರ, ಅಂದರೆ 2000 ಚದರ ಅಡಿ. ಪೂರ್ತಿ ಕಂಟ್ರಾಕ್ಟ್ ಯಾರಿಗೂ ಕೊಡಲಿಲ್ಲ. ಸಿಮೆಂಟ್, ಕಬ್ಬಿಣ, ಎಂ-ಸ್ಯಾಂಡ್ ಎಲ್ಲ ನಾನೇ ತರಿಸುವುದು, ಮೇಸ್ತ್ರಿಗೆ ಚದರಕ್ಕೆ ಇಷ್ಟು ಅಂತ ಕೂಲಿ. ಬೆಳಗ್ಗೆ ಆರೂವರೆಗೆ ಸೈಟಿಗೆ, ಒಂಬತ್ತಕ್ಕೆ ಆಫೀಸಿಗೆ. ಕ್ಯೂರಿಂಗ್ ನೀರು ಹೊಡೆಯೋದು ಸಂಜೆ ನನ್ನ ಪಾಲಿಗೆ.

ಮಂಜೂರಾದ ನಕ್ಷೆಯನ್ನು ಲ್ಯಾಮಿನೇಟ್ ಮಾಡಿಸಿ ಸಿಮೆಂಟ್ ಶೆಡ್ಡಿನ ಗೋಡೆಗೆ ಅಂಟಿಸಿದ್ದೆ. ಆದರೆ ಮೇಲಿನ ಮಹಡಿಗಳ ಕೆಲಸ ಪೂರ್ತಿ ಅದರಂತೆ ನಡೆಯಲಿಲ್ಲ. ಮನೆ ನಕ್ಷೆಗಿಂತ ಸ್ವಲ್ಪ ದೊಡ್ಡದಾಯಿತು. ಬೆಂಗಳೂರಿನಲ್ಲಿ ಮನೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಮೊದಲ ಮಹಡಿಯ ಸೆಂಟ್ರಿಂಗ್ ಹೊಡೆಯುವಾಗ ಮೇಸ್ತ್ರಿ ಕೇಳಿದರು, "ಸಾರ್, ಪಕ್ಕಕ್ಕೆ ಒಂದೂವರೆ ಅಡಿ ಹೊರಗೆ ತೆಗೆಯೋಣ್ವಾ? ಅಡುಗೆಮನೆ ಅಗಲ ಆಗುತ್ತೆ." ನಕ್ಷೆ ಅಂದೆ. "ಟೇಪ್ ಹಿಡಿದು ಯಾರು ನೋಡ್ತಾರೆ ಸಾರ್? ಈ ರೋಡಲ್ಲಿ ಎಲ್ಲ ಮನೆನೂ ಹಂಗೇ ಇದೆ." ಕತ್ತೆತ್ತಿ ನೋಡಿದೆ. ನಿಜ, ಹಾಗೇ ಇತ್ತು. ಒಪ್ಪಿಕೊಂಡೆ. ಮುಂದೆ ತಾರಸಿಯಲ್ಲಿ ಮೆಟ್ಟಿಲಿನ ಹೆಡ್‌ರೂಮ್ ಪಕ್ಕಕ್ಕೆ ಒಂದು ಶೀಟಿನ ರೂಮೂ ಎದ್ದಿತು. ಅದಕ್ಕೆ ಯಾರ ಸಲಹೆಯೂ ಬೇಕಾಗಲಿಲ್ಲ, ಆಸೆ ನನ್ನದೇ.

ಗಾರೆ ಕೆಲಸ ನಡೆಯುತ್ತಿದ್ದಾಗ, 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂತು. ಕೇಸು ಮೀರತ್‌ನ ಶಾಸ್ತ್ರಿನಗರದ್ದು. ಮನೆಗೆಂದು ಕೊಟ್ಟ ಸೈಟಿನಲ್ಲಿ ಅಂಗಡಿ ಕಟ್ಟಿದ್ದರ ವಿಚಾರ. ಪೇಪರಿನಲ್ಲಿ ಓದಿ, ಮೀರತ್‌ಗೂ ನಮಗೂ ಏನು ಸಂಬಂಧ ಅಂತ ಪುಟ ತಿರುಗಿಸಿದೆ. ಆದರೆ ಕೋರ್ಟು ಹೇಳಿದ್ದು ಇಡೀ ದೇಶಕ್ಕೆ. ಮಂಜೂರಾದ ನಕ್ಷೆ ಕೆಲಸ ಮುಗಿಯುವ ತನಕ ಸೈಟಿನಲ್ಲಿ ಕಾಣುವಂತೆ ಇರಬೇಕು. ಅಧಿಕಾರಿಗಳು ಆಗಾಗ ಬಂದು ನೋಡಿ ದಾಖಲೆ ಇಡಬೇಕು. ಕೊನೆಗೆ ಖುದ್ದಾಗಿ ತಪಾಸಣೆ ಮಾಡಿ, ಕಟ್ಟಡ ನಕ್ಷೆಯಂತೆ ಇದ್ದರೆ ಮಾತ್ರ ಓಸಿ, ಅಂದರೆ ವಾಸಯೋಗ್ಯ ಪತ್ರ ಕೊಡಬೇಕು. ಕರೆಂಟು, ನೀರು, ಒಳಚರಂಡಿಯ ಕಾಯಂ ಸಂಪರ್ಕ ಓಸಿ ತೋರಿಸಿದ ಮೇಲೆಯೇ.

ಗಮನಿಸಿ, ಸೆಟ್‌ಬ್ಯಾಕ್, ಅಂದರೆ ಗೋಡೆಗೂ ಸೈಟಿನ ಗಡಿಗೂ ನಡುವೆ ಖಾಲಿ ಬಿಡಬೇಕಾದ ಜಾಗ, ಒಂದಿಂಚೂ ಬದಲಾಗಿರಲಿಲ್ಲ. ಓಸಿ ಕೂಡ ಹೊಸದಲ್ಲ, 2003ರ ಕಟ್ಟಡ ಬೈಲಾದಲ್ಲೇ ಇದೆ. ನಮ್ಮಂಥ ಸಣ್ಣ ಮನೆಯವರು ತೆಗೆದುಕೊಳ್ಳುತ್ತಿರಲಿಲ್ಲ, ಅಷ್ಟೇ. ಈಗ ಹಳೇ ನಿಯಮದ ತುದಿಗೆ ಕರೆಂಟಿನ ಮೀಟರ್ ಕಟ್ಟಿಬಿಟ್ಟರು.

ನನಗೆ ಬಿಸಿ ತಟ್ಟಿದ್ದು 2025ರ ಏಪ್ರಿಲ್‌ನಲ್ಲಿ. ಪೇಂಟಿಂಗ್ ನಡೀತಿತ್ತು. ತಾತ್ಕಾಲಿಕ ಕನೆಕ್ಷನ್ ಕಾಯಂ ಮಾಡಿಸೋಣ ಅಂತ ಹೋದರೆ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಫೈಲನ್ನು ಹಾಗೇ ವಾಪಸ್ ಕೊಟ್ಟರು. "ಓಸಿ ಇಲ್ಲದೆ ಈಗ ತಗೊಳ್ಳಲ್ಲ ಸಾರ್." ಮನೆಯಲ್ಲಿ ಗೃಹಪ್ರವೇಶಕ್ಕೆ ಮುಹೂರ್ತ ನೋಡಿ ಆಗಿತ್ತು. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಸಾಲದ ಕಂತು. ತಾತ್ಕಾಲಿಕ ಕನೆಕ್ಷನ್ ದರವೂ ಜಾಸ್ತಿ. ಯಾರೋ "ಅಕ್ರಮ-ಸಕ್ರಮದಲ್ಲಿ ಆಗುತ್ತೆ" ಅಂದರು. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡ ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟು 2017ರಲ್ಲೇ ತಡೆ ಕೊಟ್ಟಿದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಇಂಜಿನಿಯರ್ ಜೊತೆ ನಾನೇ ಟೇಪ್ ಹಿಡಿದೆ. ಮನೆ ಕಟ್ಟೋರು ಈ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ಆಗ ಬೈಲಾದಲ್ಲಿ ದಂಡ ಕಟ್ಟಿ ಸರಿಮಾಡಿಸಿಕೊಳ್ಳಬಹುದಾದ ವ್ಯತ್ಯಾಸ 5 ಪರ್ಸೆಂಟ್ ಇತ್ತು. ಕೇಳಲು ಪರವಾಗಿಲ್ಲ ಅನಿಸುತ್ತೆ. ನನ್ನ ನಕ್ಷೆಯಲ್ಲಿ ಪಕ್ಕದ ಸೆಟ್‌ಬ್ಯಾಕ್ 1 ಮೀಟರ್. ಅದರ 5 ಪರ್ಸೆಂಟ್ ಅಂದರೆ 5 ಸೆಂಟಿಮೀಟರ್, ಎರಡೇ ಇಂಚು! ನಾವು ಹೊರಗೆ ತೆಗೆದದ್ದು ಹದಿನೆಂಟು ಇಂಚು.

ನಕ್ಷೆಯಂತೆ ಕಟ್ಟಿದ ಗ್ರೌಂಡ್ ಫ್ಲೋರಿನಲ್ಲೂ ಎದೆ ಧಸಕ್ ಅಂದಿತು. ಕ್ರಯಪತ್ರದಲ್ಲಿ 30 ಅಡಿ ಇದ್ದ ಸೈಟು, ಹಿಂಭಾಗದಲ್ಲಿ ಅಳೆದರೆ 29 ಅಡಿ 11 ಇಂಚು. ಆ ಒಂದಿಂಚು ಹೋಗಿದ್ದು ಸೆಟ್‌ಬ್ಯಾಕಿನಿಂದ. ಮೇಲೆ ಹೊರಗಿನ ಗಾರೆ ಮುಕ್ಕಾಲು ಇಂಚು. ಮಾರ್ಕಿಂಗ್ ದಿನ ದಾರ ಹಿಡಿದದ್ದು ಬರೀ ಇಟ್ಟಿಗೆ ಗೋಡೆಯ ಲೆಕ್ಕಕ್ಕೆ, ಗಾರೆ ಯಾರ ತಲೆಯಲ್ಲೂ ಇರಲಿಲ್ಲ. ಇದ್ದ ಎರಡಿಂಚಿನಲ್ಲಿ ಕೂದಲೆಳೆಯಲ್ಲಿ ಪಾರಾದೆವು. ಅಂದಕ್ಕೆ ಅಂತ ಆ ಗೋಡೆಗೆ ಕಲ್ಲಿನ ಕ್ಲ್ಯಾಡಿಂಗ್ ಮಾಡಿಸಬೇಕು ಅಂದುಕೊಂಡಿದ್ದೆ. ಮಾಡಿಸಿದ್ದರೆ ಅಲ್ಲೂ ಒಡೆಯಬೇಕಿತ್ತು.

ಮೇಲಿನದನ್ನು ಒಡೆದೆವು. ಅದೃಷ್ಟಕ್ಕೆ ಆ ಒಂದೂವರೆ ಅಡಿ ಬೀಮಿನಿಂದಾಚೆಗೆ ಚಾಚಿದ ಸ್ಲ್ಯಾಬ್ ಮಾತ್ರ. ಎರಡೂ ಮಹಡಿಯಲ್ಲಿ ಅಂಚಿನ ಮೇಲೆ ಗೋಡೆ ಕೂತಿತ್ತು. ಬೀಮು, ಪಿಲ್ಲರ್ ಇದ್ದ ಜಾಗ ನಕ್ಷೆಯದ್ದೇ. ಇಂಜಿನಿಯರ್ ಹೇಳಿದ ಕ್ರಮ ಹೀಗಿತ್ತು: ಮೇಲಿನ ಮಹಡಿಯಿಂದ ಶುರು, ಮೊದಲು ಗೋಡೆ ಇಳಿಸೋದು, ಕೆಳಗೆ ಜಾಕ್ ಕೊಟ್ಟು ಬೀಮಿನ ಅಂಚಿಗೆ ಸರಿಯಾಗಿ ಕಟರ್‌ನಲ್ಲಿ ಸ್ಲ್ಯಾಬ್ ಕೊಯ್ಯೋದು. ಸುತ್ತಿಗೆಯಲ್ಲಿ ಗುದ್ದಬಾರದು, ಬೀಮಿಗೆ ಬಿರುಕು ಬರುತ್ತೆ. ಕೊಯ್ದ ಕಡೆ ಕಬ್ಬಿಣದ ತುದಿಗಳು ಕಾಣುತ್ತವೆ. ತುಕ್ಕು ತಡೆಯೋ ಪೇಂಟ್ ಹಚ್ಚಿ ಗಾರೆ ಮುಚ್ಚಬೇಕು. ಆಮೇಲೆ ಬೀಮಿನ ಮೇಲೆ ಹೊಸ ಗೋಡೆ. ಹದಿನೇಳು ದಿನ ಹಿಡಿಯಿತು. ಗ್ರಾನೈಟ್ ಕಟ್ಟೆ, ಟೈಲ್ಸ್, ಸಿಂಕಿನ ಪೈಪು ಎಲ್ಲ ಎರಡನೇ ಸಲ. ತಾರಸಿಯ ರೂಮು ಮಾತ್ರ ಒಂದೇ ಮಧ್ಯಾಹ್ನದಲ್ಲಿ ಹೋಯಿತು. ಮೇಸ್ತ್ರಿ ತಾವೇ ನಿಂತು ಒಡೆಸಿದರು, ಆ ದಿನಗಳ ತಮ್ಮ ಕೂಲಿ ತಗೊಳ್ಳಲಿಲ್ಲ. ಅವರ ಮೇಲೆ ನನಗೆ ಕೋಪವೂ ಇಲ್ಲ. ಹೂಂ ಅಂದವನು ನಾನು.

ಜುಲೈನಲ್ಲಿ ಕೆಲಸ ಮುಗಿದ ಅರ್ಜಿ ಹಾಕಿದೆವು. ಮಂಜೂರಾತಿ ಪ್ರತಿ, ಕೆಲಸ ಶುರು ಮಾಡಿದ್ದಕ್ಕೆ ಪಡೆದ ಪತ್ರ, ಇಂಜಿನಿಯರ್ ಸಹಿ, ನಾಲ್ಕೂ ಕಡೆಯ ಫೋಟೋ. ಬೀಮು, ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಮುಂಚೆ ಕಬ್ಬಿಣ ಕಟ್ಟಿದ ಫೋಟೋಗಳನ್ನು ನಾನು ತಾರೀಖಿನ ಸಮೇತ ಇಟ್ಟುಕೊಂಡಿದ್ದೆ. ಕೊಯ್ದ ಕಡೆ ಭದ್ರತೆ ಬಗ್ಗೆ ಇಂಜಿನಿಯರ್ ಪತ್ರ ಬರೆಯುವಾಗ ಅವು ಕೈ ಹಿಡಿದವು. ತಪಾಸಣೆಗೆ ಬಂದವರು ಮುಂದೆ, ಹಿಂದೆ, ಪಕ್ಕ ಟೇಪ್ ಹಿಡಿದರು. ಪಾರ್ಕಿಂಗ್ ಜಾಗ ಪಾರ್ಕಿಂಗ್ ಆಗಿಯೇ ಇದೆಯಾ ನೋಡಿದರು. ಮಳೆನೀರು ಕೊಯ್ಲಿನ ಪೈಪು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರು. ಬೆಂಗಳೂರಿನಲ್ಲಿ 1200 ಚದರ ಅಡಿ ಸೈಟಿನ ಹೊಸ ಮನೆಗೂ ಅದು ಕಡ್ಡಾಯ. ಮುಚ್ಚಳ ತೆಗೆದು ಗುಂಡಿ ತೋರಿಸಿದೆ. ಎಲ್ಲ ಸೇರಿ ನಲವತ್ತು ನಿಮಿಷ.

ಓಸಿ ಕೈಗೆ ಬರುವ ಹೊತ್ತಿಗೆ ಸೆಪ್ಟೆಂಬರ್ ಅರ್ಧ ಮುಗಿದಿತ್ತು. ಅಷ್ಟರಲ್ಲಿ ನಕ್ಷೆ ಕೊಟ್ಟ ಬಿಬಿಎಂಪಿಯೇ ಇರಲಿಲ್ಲ. ಬೆಂಗಳೂರು ಐದು ಪಾಲಿಕೆಯಾಗಿ ಒಡೆದಿತ್ತು. ನನ್ನ ಫೈಲಿನಲ್ಲಿ ಮೊದಲ ಪುಟಕ್ಕೆ ಒಂದು ಸೀಲು, ಕೊನೆಯ ಪುಟಕ್ಕೆ ಇನ್ನೊಂದು.

ಇದಾದ ಸ್ವಲ್ಪ ದಿನಕ್ಕೇ ಸರ್ಕಾರದ ವಿನಾಯಿತಿ ಬಂತು. 1200 ಚದರ ಅಡಿವರೆಗಿನ ಸೈಟಿನಲ್ಲಿ ಗ್ರೌಂಡ್ ಮೇಲೆ ಎರಡು ಮಹಡಿ, ಅಥವಾ ಸ್ಟಿಲ್ಟ್ (ಪಿಲ್ಲರ್ ಮಾತ್ರ ಇರುವ ಪಾರ್ಕಿಂಗ್ ಅಂತಸ್ತು) ಮೇಲೆ ಮೂರು ಮಹಡಿಯ ವಾಸದ ಮನೆಗೆ ಓಸಿ ಬೇಡ. ಅಂದರೆ ನನ್ನಂಥ ಮನೆಗೇ! ಪೇಪರ್ ಹಿಡಿದುಕೊಂಡು ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ. ಒಡೆಸಿದ್ದಕ್ಕೆ ಬೇಜಾರಾಯಿತಾ ಅಂತ ಕೇಳುತ್ತಾರೆ. ಆಗ ಆಯಿತು. ಈಗ ಅಷ್ಟಿಲ್ಲ. ವಿನಾಯಿತಿ ಸಿಕ್ಕಿದ್ದು ಪತ್ರಕ್ಕೆ, ಹದಿನೆಂಟು ಇಂಚಿಗಲ್ಲ. ನಾಳೆ ಮನೆ ಮಾರುವಾಗಲೋ ಸಾಲ ಕೇಳುವಾಗಲೋ ಬ್ಯಾಂಕಿನವರು ನಕ್ಷೆಯನ್ನೂ ಮನೆಯನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ನನ್ನ ಹೆಂಡತಿ ಮಾತ್ರ ಒಪ್ಪಲ್ಲ. ಅಡುಗೆಮನೆ ಒಂದೂವರೆ ಅಡಿ ಕಿರಿದಾಗಿದ್ದರಿಂದ ಫ್ರಿಡ್ಜ್ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಅದೀಗ ಹಾಲ್‌ನಲ್ಲಿ, ಟಿವಿ ಪಕ್ಕ ನಿಂತಿದೆ.