ಲೋಟಕ್ಕೇ ಥರ್ಮಾಮೀಟರ್ ಇಳಿಸಿ: ಅನ್ನನಾಳದ ಕ್ಯಾನ್ಸರ್ ಸಮೀಕ್ಷೆಯಲ್ಲಿ ನನ್ನ ಅನುಭವ

ಸುಡುಬಿಸಿ ಚಹಾ, ಕಾಫಿಯಿಂದ ಅನ್ನನಾಳದ ಕ್ಯಾನ್ಸರಿನ ಅಪಾಯ ಹೆಚ್ಚಬಹುದು, ಅದಕ್ಕೇ ಸಮೀಕ್ಷೆಯಲ್ಲಿ ಆ ಬಿಸಿಯನ್ನು ಅಳೆಯುತ್ತೇವೆ. "ಬಿಸಿಬಿಸಿ ಕುಡೀತೀರಾ?" ಎಂದು ಕೇಳಿ ತುಂಬಿಸಿದ ಫಾರಂ ಯಾವ ಕೆಲಸಕ್ಕೂ ಬರುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಮನೆಮನೆಯಲ್ಲೂ ಒಂದೇ ಉತ್ತರ: "ಹದವಾಗಿ." ಆ ಹದ ಒಬ್ಬರಿಗೆ 55 ಡಿಗ್ರಿ, ಇನ್ನೊಬ್ಬರಿಗೆ 70. ಮೀಟರ್ ಕಂಡರೆ ಜನ ಕುಡಿಯುವ ರೀತಿಯನ್ನೇ ಬದಲಾಯಿಸುತ್ತಾರೆ, ಅಳತೆಯನ್ನು ನಂಬುವಂತಿಲ್ಲ ಎಂದು ಜೊತೆಯವರು ತಳ್ಳಿಹಾಕಿದ್ದರು. ಎರಡು ವಾರ ಬಿಟ್ಟು ಅದೇ ಮನೆಗಳಲ್ಲಿ ಮತ್ತೆ ಅಳೆದೆವು. ಹೆಚ್ಚಿನವರು ಮೊದಲಿನ ಡಿಗ್ರಿಗೇ ಬಂದು ನಿಂತರು. ಈಗ ನಮ್ಮ ಫಾರಂ ಆ ಜೊತೆಯವರ ಕೈಯಲ್ಲೂ ಇದೆ.

ಅಮೆರಿಕ, ಬ್ರಿಟನ್‌ಗಳಲ್ಲಿ ಕಳೆದ ನಾಲ್ಕೈದು ದಶಕಗಳಲ್ಲಿ ಈ ಕ್ಯಾನ್ಸರಿನ ಎರಡು ಮುಖ್ಯ ಬಗೆಗಳಲ್ಲಿ ಅಡಿನೋಕಾರ್ಸಿನೋಮ (ಬೊಜ್ಜು, ಎದೆಯುರಿಗೆ ನಂಟಿರುವುದು) ಏರಿತು, ಸ್ಕ್ವೇಮಸ್ (ಹೊಗೆಸೊಪ್ಪು, ಕುಡಿತ, ಸುಡುಬಿಸಿಗೆ ನಂಟಿರುವುದು) ಇಳಿಯಿತು. ಹಾಗಾಗಿ ಅಲ್ಲಿನ ಪ್ರಶ್ನಾವಳಿ ಬೊಜ್ಜು, ಎದೆಯುರಿಯಿಂದ ಶುರುವಾಗುತ್ತದೆ. ನಮ್ಮಲ್ಲಿ ಈಗಲೂ ಸ್ಕ್ವೇಮಸ್ಸೇ ಹೆಚ್ಚು. ಅವರದ್ದನ್ನು ಹಾಗೇ ಎತ್ತಿಕೊಂಡರೆ ಹೊಗೆಸೊಪ್ಪು, ಬೀಡಿ, ಅಡಿಕೆ, ಕುಡಿತ, ಸುಡುಬಿಸಿ ಎಲ್ಲ ಕೊನೆಯ ಪುಟ ಸೇರುತ್ತವೆ. ಆದ್ದರಿಂದ ನಾವು ಇರಾನಿನ ಗೊಲೆಸ್ತಾನ್ ಪ್ರಾಂತದ ದಾರಿ ಹಿಡಿದೆವು. ಅಲ್ಲಿ ಸುಮಾರು 50,000 ಜನರ ಚಹಾ ಅಳೆದು, ವರ್ಷಗಟ್ಟಲೆ ಅವರ ಬೆನ್ನುಹತ್ತಿ, 2019ರಲ್ಲಿ ಲೆಕ್ಕ ಕೊಟ್ಟರು: 60 ಡಿಗ್ರಿ ಅಥವಾ ಹೆಚ್ಚು ಬಿಸಿಯ ಚಹಾವನ್ನು ದಿನಕ್ಕೆ 700 ಮಿ.ಲೀ.ಗೆ ಕಮ್ಮಿಯಿಲ್ಲದಂತೆ ಕುಡಿಯುವವರಿಗೆ, ತಣಿಸಿ ಮಿತವಾಗಿ ಕುಡಿಯುವವರಿಗಿಂತ ಅಪಾಯ ಸುಮಾರು 90% ಜಾಸ್ತಿ.

ಮೊದಲು ಕೈಸುಟ್ಟುಕೊಂಡದ್ದು ಇನ್ಫ್ರಾರೆಡ್ ಗನ್‌ನಲ್ಲಿ. ಸಾವಿರದ ಎಂಟುನೂರೋ ಏನೋ ಕೊಟ್ಟೆವು, ಪೂರ್ತಿ ದಂಡ. ಅದು ಓದುವುದು ಮೇಲ್ಮೈಯನ್ನು. ಹಾಲಿನ ಕೆನೆ ಕಟ್ಟಿದರೆ ಕೆಳಗಿನ ಬಿಸಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಆಮೇಲೆ ಸೂಜಿಮೂತಿಯ ಡಿಜಿಟಲ್ ಮೀಟರ್ ತಂದೆವು, ಒಂದಕ್ಕೆ ಮುನ್ನೂರೈವತ್ತರ ಆಸುಪಾಸು. ಹತ್ತರಲ್ಲಿ ನಾಲ್ಕು ಹಬೆ ಒಳಹೊಕ್ಕು ಕೆಟ್ಟವು. ದಿನಾ ಬೆಳಿಗ್ಗೆ ಐಸ್ ನೀರಿನಲ್ಲೂ ಕುದಿನೀರಿನಲ್ಲೂ ಪರೀಕ್ಷೆ ಮಾಡಲೇಬೇಕು. ಆಗುಂಬೆಯ ಎತ್ತರದಲ್ಲಿ ನೀರು 98ರ ಹತ್ತಿರವೇ ಕುದಿಯುತ್ತದೆ. 100 ಬರಲಿಲ್ಲವೆಂದು ಒಳ್ಳೆಯ ಮೀಟರನ್ನು ಎಸೆಯಬೇಡಿ.

ಆ ಮನೆಯದೇ ಚಹಾ ಅಥವಾ ಕಾಫಿ, ಆ ಮನೆಯದೇ ಎರಡು ಲೋಟ. ಎರಡಕ್ಕೂ ಒಂದೇ ಮಟ್ಟ ಸುರಿದು ಒಂದರಲ್ಲಿ ಮೀಟರ್, ಇನ್ನೊಂದು ಕುಡಿಯುವವರ ಕೈಗೆ. 75ಕ್ಕೆ ಇಳಿದಾಗ ತುಟಿಗೆ ತಾಗಿಸಿ ನೋಡಲು ಹೇಳಿ, "ಅಮ್ಮಾ, ಹೀಗೇ ಕುಡೀತೀರಾ, ಇನ್ನೂ ಆರಬೇಕಾ?" ಎಂದಷ್ಟೇ ಕೇಳಿ. ಆರಬೇಕು ಅಂದರೆ 70, ಆಮೇಲೆ 65, 60. ಸಂಖ್ಯೆಯನ್ನು ಬಾಯಿಬಿಟ್ಟು ಹೇಳಕೂಡದು, ಮೀಟರಿನ ಮುಖವನ್ನೂ ನಮ್ಮ ಕಡೆಗೇ ತಿರುಗಿಸಿಕೊಳ್ಳಬೇಕು. ಪ್ರತಿ ಸಲವೂ ಎರಡೂ ಲೋಟ ಕಲಕಬೇಕು. ಸೂಜಿ ಸ್ಟೀಲಿನ ತಳ ಮುಟ್ಟಿದರೆ ಲೆಕ್ಕ ತಪ್ಪುತ್ತದೆ, ನಡುಮಟ್ಟದಲ್ಲೇ ನಿಲ್ಲಬೇಕು. ಅದಕ್ಕೆ ಬಟ್ಟೆ ಕ್ಲಿಪ್ಪನ್ನು ಲೋಟದ ಅಂಚಿಗೆ ಸಿಕ್ಕಿಸುತ್ತೇವೆ.

ಪ್ರಮಾಣಕ್ಕೆ "ಎಷ್ಟು ಲೋಟ" ಸಾಲದು. ಅವರ ಲೋಟಕ್ಕೆ ನೀರು ತುಂಬಿ ಅಳತೆ ಜಾಡಿಗೆ ಸುರಿದು ನೋಡಿ. ಒಂದೇ ಕೇರಿಯಲ್ಲಿ 90 ಮಿ.ಲೀ. ಲೋಟವೂ ಇತ್ತು, 200ರದ್ದೂ ಇತ್ತು. ಈ ಅಳತೆಗೆಲ್ಲ ಮನೆಯೊಂದಕ್ಕೆ ಪೆಟ್ರೋಲ್ ಸೇರಿ ನಲವತ್ತು ರೂಪಾಯಿ ಬಿದ್ದಿರಬಹುದು.

ನಡುವೆ ಚಹಾ ಎಷ್ಟು ಬೇಗ ಆರುತ್ತದೆ ಎನ್ನುವ ಪರೀಕ್ಷೆಗಳನ್ನೂ ಮಾಡಿದೆವು. ಅರ್ಧ ಲೋಟ ಚಹಾ ಸುಮ್ಮನಿಟ್ಟರೆ 80ರಿಂದ 60ಕ್ಕೆ ಬರಲು ಏಳೆಂಟು ನಿಮಿಷ. ಅದೇ ಲೋಟದಿಂದ ಲೋಟಕ್ಕೆ ಎತ್ತಿ ಎರಡು ಮೂರು ಸಲ ಸುರಿದರೆ ಒಂದು ನಿಮಿಷವೂ ಬೇಡ. ಗಂಜಿ, ಕಷಾಯಗಳಿಗೂ ಬೇರೆ ಸಾಲು ಇಡಿ. ಗಂಜಿ ತಡವಾಗಿ ಆರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕವಳದ (ಎಲೆಅಡಿಕೆಯ) ಪ್ರಶ್ನೆ ನಮ್ಮ ಸೀಮೆಯಲ್ಲಿ ನಾಜೂಕು. ಅಡಿಕೆಯೇ ಊರಿನ ಅನ್ನ. ಆದರೂ ಕೇಳದೆ ಬಿಡಬಾರದು. ಹೊಗೆಸೊಪ್ಪು ಇಲ್ಲದ ಎಲೆಅಡಿಕೆಯಿಂದಲೂ ಅನ್ನನಾಳದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತೀರ್ಮಾನಿಸಿದೆ. "ಎಲೆ ಹಾಕ್ತೀರಾ" ಒಂದು ಪ್ರಶ್ನೆ, "ಹೊಗೆಸೊಪ್ಪು ಸೇರಿಸ್ತೀರಾ" ಇನ್ನೊಂದು, "ರಸ ನುಂಗ್ತೀರಾ, ಉಗುಳ್ತೀರಾ" ಮೂರನೆಯದು. ಕುಡಿತದ ಪ್ರಶ್ನೆಯನ್ನು ಎಲ್ಲಿ, ಹೇಗೆ ಇಡುತ್ತೇವೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ದಿನ ನಮ್ಮ ಜೊತೆ ತಿರುಗಿದವರಿಗೆ ತೋರಿಸಿಕೊಡುತ್ತೇನೆ.

ಆಷಾಢದ ಜಡಿಮಳೆಯಲ್ಲಿ ಅಳೆದದ್ದನ್ನೂ ಚೈತ್ರದಲ್ಲಿ ಅಳೆದದ್ದನ್ನೂ ಒಂದೇ ಕಾಲಂಗೆ ಹಾಕಬೇಡಿ. ಹತ್ತು ವರ್ಷದ ನಂತರ ಹೋಲಿಸಿ ನೋಡುವವರಿಗೆ ತಿಂಗಳೂ ಬೇಕು, ಆ ದಿನ ಅಡುಗೆಮನೆಯಲ್ಲಿ ಎಷ್ಟು ಡಿಗ್ರಿ ಇತ್ತು ಎನ್ನುವುದೂ ಬೇಕು.