ಮಾಂಸ ರಫ್ತಿನ ಏರಿಳಿತ ಓದುವುದು ಹೇಗೆ?

ಒಂದು ದೇಶದ ಮಾಂಸ ರಫ್ತು ಜಾಸ್ತಿಯಾಯಿತು ಅಂದ ಕೂಡಲೇ ಅಲ್ಲಿನ ರೈತರು ಚೆನ್ನಾಗಿದ್ದಾರೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಅದು ಕಷ್ಟದ ಗುರುತು. ಲೆಕ್ಕವನ್ನು ಹೀಗೆ ಬಿಡಿಸಿ ನೋಡಿ.

ಮೊದಲು ಫೀಡ್ ಬೆಲೆ, ಅಂದರೆ ಕೋಳಿ, ದನಗಳಿಗೆ ಹಾಕುವ ಮೆಕ್ಕೆಜೋಳ, ಸೋಯಾದಂಥ ಆಹಾರದ ಬೆಲೆ. ಕೋಳಿ ಸಾಕುವ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಗುತ್ತದೆ. ಮೆಕ್ಕೆಜೋಳ, ಸೋಯಾ ಎರಡನ್ನೂ ರಾಶಿ ರಾಶಿ ಬೆಳೆಯುವ ಬ್ರೆಜಿಲ್, ಕೋಳಿಮಾಂಸ ರಫ್ತಿನಲ್ಲಿ ಜಗತ್ತಿಗೇ ಮೊದಲಿರುವುದು ಸುಮ್ನೆ ಅಲ್ಲ.

ಆಮೇಲೆ ಮಂದೆ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಆಸ್ಟ್ರೇಲಿಯಾದಲ್ಲಿ ಬರ ಬಿದ್ದು ಹುಲ್ಲು ಒಣಗಿದಾಗ, ಸಾಕುವವರು ಬೇರೆ ದಾರಿಯಿಲ್ಲದೆ ಕರು ಹಾಕಬೇಕಿದ್ದ ಹಸುಗಳನ್ನೂ ಕಸಾಯಿಖಾನೆಗೆ ಕಳಿಸಿದರು, 2014, 2015ರಲ್ಲಿ ಬೀಫ್ ರಫ್ತು ಭಾರೀ ಏರಿತು. ಮಳೆ ಬಂತು. ಎಲ್ಲರೂ ಹೆಣ್ಣು ಕರುಗಳನ್ನು ಉಳಿಸಿಕೊಂಡರು, ಮಾರಲು ದನ ಸಿಗಲಿಲ್ಲ, 2016ರಲ್ಲಿ ರಫ್ತು ಬಿತ್ತು. ಹಸುವಿನ ಗಬ್ಬಕ್ಕೇ ಒಂಬತ್ತು ತಿಂಗಳು ಬೇಕು, ಹುಟ್ಟಿದ ಕರು ಮಾರಾಟಕ್ಕೆ ಬರಲು ಮತ್ತೆ ಒಂದೂವರೆ, ಎರಡು ವರ್ಷ. ಅವಸರ ಮಾಡಿದರೆ ಆಗುವ ಕೆಲಸವಲ್ಲ ಅಲ್ವಾ? ಹಾಗಾಗಿ ಕಡಿದ ದನಗಳಲ್ಲಿ ಹೆಣ್ಣಿನ ಪಾಲು ಎಷ್ಟು ಅನ್ನುವುದನ್ನು ಮರೆಯದೆ ಹುಡುಕಿ. ಅದು ಏರುತ್ತಿದ್ದರೆ ಮುಂದಿನ ವರ್ಷಗಳ ಮಾಂಸ ಈಗಲೇ ಹಡಗು ಹತ್ತುತ್ತಿದೆ ಅಂತ ಅರ್ಥ.

ರಫ್ತು ಮಾಡುವ ದೇಶದ ಕರೆನ್ಸಿ ಬೆಲೆಯನ್ನೂ ನೋಡಿ. ಡಾಲರ್ ಎದುರು ಅದು ಇಳಿದರೆ ಕೊಳ್ಳುವವರಿಗೆ ಮಾಂಸ ಅಗ್ಗ. ಆದರೆ ಫೀಡ್ ಆಮದಾಗುತ್ತಿದ್ದರೆ ಆ ಲಾಭದಲ್ಲಿ ದೊಡ್ಡ ಪಾಲು ಅಲ್ಲೇ ಕರಗುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಬಾಗಿಲು ತೆರೆದಿರಬೇಕು. 2003ರ ಡಿಸೆಂಬರಿನಲ್ಲಿ ಅಮೆರಿಕದ ಒಂದೇ ಒಂದು ಹಸುವಿನಲ್ಲಿ ಹುಚ್ಚು ಹಸು ರೋಗ ಕಂಡಿತು, ಜಪಾನ್, ದಕ್ಷಿಣ ಕೊರಿಯಾ ಕೂಡಲೇ ಕೊಳ್ಳುವುದನ್ನು ನಿಲ್ಲಿಸಿದವು. ಕೆಲವೊಮ್ಮೆ ಬಾಗಿಲು ಹಾಕುವುದು ಸ್ವಂತ ಸರ್ಕಾರವೇ. ದೇಶದೊಳಗಿನ ಬೆಲೆ ಇಳಿಸಲು ಅರ್ಜೆಂಟೀನಾ 2006ರಲ್ಲಿ ಹೆಚ್ಚಿನ ಬೀಫ್ ರಫ್ತನ್ನು ತಡೆಯಿತು. ದನ ಸಾಕಿ ಗಿಟ್ಟುವುದಿಲ್ಲ ಅಂತ ಎಷ್ಟೋ ರೈತರು ಸೋಯಾ ಕಡೆ ತಿರುಗಿದರು, ಮುಂದೆ ಬರವೂ ಸೇರಿಕೊಂಡು ಮಂದೆಯೇ ಸಣ್ಣದಾಯಿತು. ತಿನ್ನುವವರಿಗೆ ಅಗ್ಗ ಮಾಡಲು ಹೋಗಿ ಸಾಕುವವರನ್ನೇ ಓಡಿಸಿದ ಆ ನಿರ್ಧಾರ ತಪ್ಪು ಅಂತಲೇ ನನ್ನ ಅಭಿಪ್ರಾಯ.

ಕೊನೆಗೆ, ಯಾವ ತುಂಡು ಎಲ್ಲಿಗೆ ಹೋಗುತ್ತದೆ ನೋಡಿ. ಅಮೆರಿಕದಲ್ಲಿ ಎದೆ ಮಾಂಸಕ್ಕೆ ಬೇಡಿಕೆ, ಕೋಳಿಯ ಪಾದ ಕೇಳುವವರು ಕಡಿಮೆ. ಚೀನಾದಲ್ಲಿ ಅದೇ ಪಾದಕ್ಕೆ ಒಳ್ಳೆ ಬೆಲೆ. ಆದ್ದರಿಂದ ರಫ್ತನ್ನು ಟನ್ನಿನಲ್ಲೂ ನೋಡಿ, ಹಣದಲ್ಲೂ ನೋಡಿ. ಎರಡೂ ಬೇರೆ ಬೇರೆ ದಿಕ್ಕಿಗೆ ಹೋಗುತ್ತಿದ್ದರೆ ತುಂಡು ಬದಲಾಗಿದೆಯೋ, ಬೆಲೆ ಬದಲಾಗಿದೆಯೋ ಅಂತ ಅಲ್ಲಿಂದ ಹುಡುಕಲು ಶುರುಮಾಡಿ.